ನವೆಂಬರ್‌ನಲ್ಲಿ ಎರಡು ಪರೀಕ್ಷೆ

ರಾಜ್ಯೋತ್ಸವದ ಈ ಸಂಚಿಕೆ ನಿಮ್ಮ ಕೈ ಸೇರುವ ಹೊತ್ತಿಗೆ ಮೆಲ್ಬರ್ನ್‌ನಲ್ಲಿ ಹನ್ನೆರಡನೇ ತರಗತಿ ಓದುವ ಮಕ್ಕಳಿರುವ ಮನೆಗಳಲ್ಲಿ ವಿಸಿಇ ಪರೀಕ್ಷೆಯ ಬಿಸಿ ಇರುತ್ತದೆ. ಫೂಟಿ ಎಂದು ಇಲ್ಲಿ ಕರೆಯುವ ಆಸ್ಟ್ರೇಲಿಯನ್ ಫುಟ್‌ಬಾಲ್‌ನ ದೊಡ್ಡ ಲೀಗ್ ಎಎಫ್‌ಎಲ್. ಅದರ ಕ್ಲಬ್‌ಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್ ನಡೆಯುವುದೂ ಇದೇ ನವೆಂಬರ್‌ನಲ್ಲಿ. ಫೂಟಿಯನ್ನೇ ವೃತ್ತಿ ಮಾಡಿಕೊಳ್ಳಬೇಕೆಂದಿರುವ ಹುಡುಗನಿಗೆ ಎರಡೂ ಒಂದೇ ವಯಸ್ಸಿನಲ್ಲಿ, ಒಂದೇ ತಿಂಗಳಲ್ಲಿ ಎದುರಾಗುತ್ತವೆ. ಕ್ರಿಕೆಟ್‌ನ ದಾರಿ ನಮ್ಮವರಿಗೆ ಬಾಯಿಪಾಠ. ಫೂಟಿಯ ದಾರಿ ಹಾಗಲ್ಲ. ಅದು ಗೊತ್ತಿಲ್ಲದ ಕಾರಣಕ್ಕೇ ಹದಿನಾಲ್ಕು ಹದಿನೈದಕ್ಕೆ 'ಆಡಿದ್ದು ಸಾಕು, ಇನ್ನು ಓದ್ಕೋ' ಎಂದು ಬಿಡಿಸಿಬಿಡುತ್ತೇವೆ. ಆ ವಯಸ್ಸಿನಲ್ಲಿ ಬಿಡಿಸಬೇಡಿ ಎಂದು ಕೇಳಿಕೊಳ್ಳಲು ಈ ಸಲದ ಸಂಪಾದಕೀಯ.

ಮೊದಲು ಕಹಿ ಲೆಕ್ಕ ನೋಡೋಣ. ಎಎಫ್‌ಎಲ್‌ನಲ್ಲಿರುವುದು 18 ಕ್ಲಬ್. 2028ಕ್ಕೆ ಟಾಸ್ಮೇನಿಯಾ ಸೇರಿದರೆ 19. ಒಂದೊಂದು ಕ್ಲಬ್ಬಿನ ಪಟ್ಟಿಯಲ್ಲಿ ರೂಕಿಗಳೂ (ಮುಖ್ಯ ಪಟ್ಟಿಯ ಹೊರಗಿನ ಹೆಚ್ಚುವರಿ ಆಟಗಾರರು) ಸೇರಿ ಹೆಚ್ಚುಕಡಿಮೆ 44 ಆಟಗಾರರು. ಇಡೀ ದೇಶಕ್ಕೆ 800ರ ಆಸುಪಾಸು ಕೆಲಸ, ಅಷ್ಟೆ. ಸಾಕರ್ ಆಟಗಾರನಿಗೆ ಇಲ್ಲಿ ಜಾಗ ಸಿಗದಿದ್ದರೆ ಜಪಾನಿದೆ, ಯೂರೋಪಿದೆ. ಫೂಟಿಗೆ ಹೊರದೇಶದಲ್ಲಿ ಸಂಬಳ ಕೊಟ್ಟು ಆಡಿಸುವ ಲೀಗೇ ಇಲ್ಲ. ವರ್ಷಕ್ಕೊಮ್ಮೆ ನಡೆಯುವ ರಾಷ್ಟ್ರೀಯ ಡ್ರಾಫ್ಟ್‌ನಲ್ಲಿ ಆಯ್ಕೆಯಾಗುವವರು ಸುಮಾರು 60 ಮಂದಿ. ಹಾಗಾಗಿ ಯಾವ ಮನೆಯೂ ಇದೊಂದನ್ನೇ ನೆಚ್ಚಿ ಕೂರುವಂತಿಲ್ಲ. ಓದು ನಡೆಯುತ್ತಲೇ ಇರಬೇಕು.

ಆದರೂ ಬಿಡಿಸಬೇಡಿ ಎನ್ನುತ್ತೇವೆ, ಏಕೆಂದರೆ ಈ ಆಟದಲ್ಲಿ ನಿಜವಾದ ಆಯ್ಕೆ ಶುರುವಾಗುವುದೇ ನಾವು ಬಿಡಿಸುವ ವಯಸ್ಸಿನಲ್ಲಿ. ಐದರಿಂದ ಹನ್ನೆರಡರವರೆಗೆ ಚಿಕ್ಕಮಕ್ಕಳಿಗೆ ಆಟ ಕಲಿಸುವ ಆಸ್‌ಕಿಕ್, ಜೊತೆಗೆ ಬಡಾವಣೆಯ ಜೂನಿಯರ್ ಕ್ಲಬ್. ಅಲ್ಲಿ ಚೆನ್ನಾಗಿ ಆಡಿದವರು ಹದಿನೈದು ಹದಿನಾರಕ್ಕೆ ಹದಿಹರೆಯದ ಪ್ರತಿಭೆಗಳಿಗಾಗಿಯೇ ಇರುವ ಟ್ಯಾಲೆಂಟ್ ಲೀಗ್ ಕ್ಲಬ್‌ಗಳ ಕಣ್ಣಿಗೆ ಬೀಳುತ್ತಾರೆ. ವೆಸ್ಟರ್ನ್ ಜೆಟ್ಸ್, ಕಾಲ್ಡರ್ ಕ್ಯಾನನ್ಸ್, ಡ್ಯಾಂಡಿನಾಂಗ್ ಸ್ಟಿಂಗ್‌ರೇಸ್ ಹೀಗೆ ಒಂದೊಂದು ಪ್ರದೇಶಕ್ಕೆ ಒಂದೊಂದು. ಅಲ್ಲಿಂದ ರಾಜ್ಯದ 18ರೊಳಗಿನ ತಂಡ. ಅಕ್ಟೋಬರ್‌ನಲ್ಲಿ ಡ್ರಾಫ್ಟ್ ಕಂಬೈನ್‌ಗೆ ಕರೆ ಬಂದರೆ 20 ಮೀಟರ್ ಸ್ಪ್ರಿಂಟ್, ನೇರ ಮೇಲಕ್ಕೆ ಜಿಗಿಯುವ ಪರೀಕ್ಷೆ, ಚುರುಕುತನದ ಪರೀಕ್ಷೆ, 2 ಕಿಲೋಮೀಟರ್ ಓಟ. 20 ಮೀಟರನ್ನು 3 ಸೆಕೆಂಡಿನೊಳಗೆ ಮುಗಿಸುವವನು ನಿಜಕ್ಕೂ ಚುರುಕಿನವನು. 2 ಕಿಲೋಮೀಟರಿಗೆ ಆರೂವರೆ ನಿಮಿಷದೊಳಗಿನ ಓಟ ಒಳ್ಳೆಯ ಓಟ. ಡ್ರಾಫ್ಟ್ ನಡೆಯುವ ವರ್ಷದ ಡಿಸೆಂಬರ್ 31ರೊಳಗೆ 18 ತುಂಬುವಂತಿರಬೇಕು, ಹೆಸರು ನೋಂದಾಯಿಸಿರಬೇಕು.

ತಡವಾಗಿ ಬಂದು ಎತ್ತರಕ್ಕೇರಿದವರಿಗೆ ಸ್ಕಾಟ್ ಪೆಂಡಲ್‌ಬರಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಗಿಪ್ಸ್‌ಲ್ಯಾಂಡ್‌ನ ಸೇಲ್ ಊರಿನ ಈ ಹುಡುಗ ಹದಿಹರೆಯದಲ್ಲಿ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದ. ಆಸ್ಟ್ರೇಲಿಯನ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನ ಬ್ಯಾಸ್ಕೆಟ್‌ಬಾಲ್ ಸ್ಕಾಲರ್‌ಶಿಪ್ ಬಿಟ್ಟು ಫೂಟಿಗೆ ಬಂದ. ಅವನು ಬಿಟ್ಟ ಜಾಗ ಸಿಕ್ಕಿದ್ದು ಮುಂದೆ ಎನ್‌ಬಿಎ ಆಡಿದ ಪ್ಯಾಟಿ ಮಿಲ್ಸ್‌ಗೆ. 2005ರ ಡ್ರಾಫ್ಟ್‌ನಲ್ಲಿ ಕಾಲಿಂಗ್‌ವುಡ್ ಅವನನ್ನು ಐದನೆಯವನಾಗಿ ಆರಿಸಿತು. 2010ರಲ್ಲಿ ಮತ್ತು 2023ರಲ್ಲಿ ಪ್ರೀಮಿಯರ್‌ಷಿಪ್ (ಲೀಗ್‌ನ ಪ್ರಶಸ್ತಿ), 2024ರಲ್ಲಿ 400ನೇ ಪಂದ್ಯ. ಮುತ್ತಿಕೊಂಡವರ ನಡುವೆ ಚೆಂಡು ಹಿಡಿದು ಆತುರವಿಲ್ಲದೆ ಜಾಗ ಹುಡುಕುವ ಅವನ ಆಟದಲ್ಲಿ ಬ್ಯಾಸ್ಕೆಟ್‌ಬಾಲ್ ಅಂಗಳದ ಅಭ್ಯಾಸ ಎದ್ದು ಕಾಣುತ್ತದೆ. ಮಾರ್ಲಿಯನ್ ಪಿಕೆಟ್ ಇನ್ನೂ ತಡ. 2019ರ ಮಧ್ಯಾವಧಿ ಡ್ರಾಫ್ಟ್‌ನಲ್ಲಿ ರಿಚ್ಮಂಡ್ ಅವನನ್ನು ತೆಗೆದುಕೊಂಡಾಗ 27 ವರ್ಷ. ಮೊದಲ ಪಂದ್ಯ ಆಡಿದ್ದು ಅದೇ ವರ್ಷದ ಗ್ರ್ಯಾಂಡ್ ಫೈನಲ್‌ನಲ್ಲಿ, ಗೆದ್ದದ್ದೂ ಅವನ ತಂಡವೇ.

ನಮ್ಮವರಿಗೆ ನೇರವಾಗಿ ಸಂಬಂಧಪಟ್ಟ ಒಂದು ಬಾಗಿಲಿದೆ. ಪ್ರತಿ ಕ್ಲಬ್‌ಗೂ ಒಂದು ನೆಕ್ಸ್ಟ್ ಜನರೇಷನ್ ಅಕಾಡೆಮಿ ಇದೆ. ಮೂಲನಿವಾಸಿ ಮಕ್ಕಳಿಗೂ ಏಷ್ಯಾ, ಆಫ್ರಿಕಾ ಮೂಲದ ಕುಟುಂಬಗಳ ಮಕ್ಕಳಿಗೂ ಮೀಸಲಾದದ್ದು. ತಂದೆ ಅಥವಾ ತಾಯಿ ಹುಟ್ಟಿದ್ದು ಹಾಸನದಲ್ಲೋ ಹುಬ್ಬಳ್ಳಿಯಲ್ಲೋ ಆಗಿದ್ದರೆ ವಿಚಾರಿಸಲೇಬೇಕು. ಅಕಾಡೆಮಿಯಲ್ಲಿ ಬೆಳೆದ ಹುಡುಗನನ್ನು ಡ್ರಾಫ್ಟ್‌ನಲ್ಲಿ ಬೇರೆ ಕ್ಲಬ್ ಕರೆದರೆ, ಡ್ರಾಫ್ಟ್‌ನ ತನ್ನ ಆಯ್ಕೆ ಸರದಿಗಳಿಗಿರುವ ಪಾಯಿಂಟ್ ತೆತ್ತು ಉಳಿಸಿಕೊಳ್ಳುವ ಹಕ್ಕು ಆ ಅಕಾಡೆಮಿಯ ಕ್ಲಬ್‌ಗೆ ಸಿಗುತ್ತದೆ. 2020ರಲ್ಲಿ ಜಮಾರಾ ಯೂಗಲ್-ಹೇಗನ್‌ನನ್ನು ವೆಸ್ಟರ್ನ್ ಬುಲ್‌ಡಾಗ್ಸ್ ಮೊದಲ ಆಯ್ಕೆಯಾಗಿ ಪಡೆದದ್ದು ಹೀಗೆಯೇ. ನಿಮ್ಮ ಬಡಾವಣೆ ಯಾವ ಕ್ಲಬ್‌ನ ವ್ಯಾಪ್ತಿಗೆ ಬರುತ್ತದೆ, ಈ ವರ್ಷದ ಅರ್ಹತೆ ಏನು ಎಂಬುದನ್ನು ಕ್ಲಬ್‌ನಿಂದ ಲಿಖಿತವಾಗಿ ತರಿಸಿಕೊಳ್ಳಿ. ಈ ನಿಯಮಗಳು ಪದೇ ಪದೇ ಬದಲಾಗುತ್ತವೆ. ಇನ್ನು ಹೆಣ್ಣುಮಕ್ಕಳ ಎಎಫ್‌ಎಲ್‌ಡಬ್ಲ್ಯೂ 2017ರಲ್ಲಿ ಶುರುವಾಗಿ 2022ರಿಂದ ಎಲ್ಲ 18 ಕ್ಲಬ್‌ಗಳಲ್ಲೂ ಇದೆ. ನಮ್ಮ ಹುಡುಗಿಯರಿಗೂ ಇದೇ ಮಾತು ಅನ್ವಯಿಸುತ್ತದೆ.

ಡ್ರಾಫ್ಟ್ ಆದ ಮೇಲೆ ಎಲ್ಲಿ ಆಡಬೇಕೆಂಬುದು ಹುಡುಗನ ಕೈಯಲ್ಲಿಲ್ಲ. ಪರ್ತ್‌ನ ಕ್ಲಬ್ ಕರೆದರೆ ಪರ್ತ್‌ಗೆ, ಬ್ರಿಸ್ಬೇನ್ ಕರೆದರೆ ಬ್ರಿಸ್ಬೇನ್‌ಗೆ ಹೋಗಬೇಕು, ಅದೂ ಕೆಲವೇ ದಿನಗಳಲ್ಲಿ. ದೂರದಿಂದ ಬಂದವರನ್ನು ಕ್ಲಬ್‌ಗಳು ಮೊದಮೊದಲು ಸ್ಥಳೀಯ ಕುಟುಂಬದ ಜೊತೆ ಇರಿಸುವುದುಂಟು. ಎರಡು ಮೂರು ವರ್ಷದ ಮೊದಲ ಒಪ್ಪಂದ ಮುಗಿಯುವಾಗ ಕೈಬಿಟ್ಟರೆ ಇಪ್ಪತ್ತರ ಹರೆಯದಲ್ಲೇ ಮತ್ತೆ ಮೊದಲಿನಿಂದ ಶುರು. ತನಗೆ ಬೇಕಾದ ಕ್ಲಬ್ಬಿಗೆ ತಾನಾಗಿ ಹೋಗುವ ಫ್ರೀ ಏಜೆನ್ಸಿ ಸಿಗಬೇಕಾದರೆ ಒಂದೇ ಕ್ಲಬ್‌ನಲ್ಲಿ 8 ವರ್ಷ ಕಳೆದಿರಬೇಕು. ವಿಶ್ವವಿದ್ಯಾಲಯದ ಸೀಟು ಸಿಕ್ಕಿದ್ದರೆ ಬಿಟ್ಟುಕೊಡದೆ ಒಂದು ವರ್ಷ ಮುಂದೂಡಿ. ಆಮೇಲೆ ಒಂದೆರಡು ವಿಷಯ ಇಟ್ಟುಕೊಂಡು ಅರೆಕಾಲಿಕವಾಗಿ ಓದಬಹುದು. ಆಟಗಾರರ ಸಂಘವೂ ಓದಿಗೆ ನೆರವಾಗುತ್ತದೆ.

ಮೈಮೇಲೆ ಬೀಳುವ ಹೊರೆಯೂ ಸಣ್ಣದಲ್ಲ. ಮಿಡ್‌ಫೀಲ್ಡರ್ ಒಂದು ಪಂದ್ಯದಲ್ಲಿ 12ರಿಂದ 15 ಕಿಲೋಮೀಟರ್ ಓಡುತ್ತಾನೆ. ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಸೆಳೆತ ಮಾಮೂಲಿ. ಮೊಣಕಾಲಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿದರೆ ಒಂದು ವರ್ಷ ಹೋಯಿತೆಂದೇ ಲೆಕ್ಕ. ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ತಲೆಯ ಪೆಟ್ಟಿನ ವಿಷಯದಲ್ಲಿ. ಪೆಟ್ಟಿನಿಂದ ಮಿದುಳು ಅಲುಗಿ ಕನ್‌ಕಷನ್ ಆದ ಎಎಫ್‌ಎಲ್ ಆಟಗಾರ ಕನಿಷ್ಠ 12 ದಿನ ಪಂದ್ಯ ಆಡುವಂತಿಲ್ಲ. ಬಡಾವಣೆಯ ಕ್ಲಬ್‌ಗಳಲ್ಲಿ ಕನಿಷ್ಠ 21 ದಿನ. ಮೆಲ್ಬರ್ನ್ ತಂಡದ ಆಂಗಸ್ ಬ್ರೇಶಾ ಇದೇ ಕಾರಣಕ್ಕೆ 2024ರಲ್ಲಿ, 28ನೇ ವಯಸ್ಸಿಗೇ ಆಟ ನಿಲ್ಲಿಸಬೇಕಾಯಿತು. ತಲೆಗೆ ಪೆಟ್ಟು ಬಿದ್ದ ಮಗ 'ನಂಗೇನೂ ಆಗಿಲ್ಲಪ್ಪ' ಎಂದರೂ ವೈದ್ಯರು ಒಪ್ಪುವ ತನಕ ಅಂಗಳಕ್ಕೆ ಬಿಡಬೇಡಿ.

ಹಾಗಾದರೆ ಹನ್ನೆರಡು ಹದಿಮೂರರ ಮಗುವಿಗೆ ಮನೆಯಲ್ಲಿ ಏನು ಕಲಿಸಬಹುದು? ಡ್ರಾಪ್ ಪಂಟ್ ಒದೆತ, ಅಂದರೆ ಕೈಯಿಂದ ಬಿಟ್ಟ ಚೆಂಡನ್ನು ನೆಲ ಮುಟ್ಟುವ ಮೊದಲೇ ಒದೆಯುವುದು. ಓಟ ಆಮೇಲೂ ಬರುತ್ತದೆ, ಮೈಕಟ್ಟು ಕ್ಲಬ್‌ನವರು ಮಾಡಿಸುತ್ತಾರೆ. ತಪ್ಪಾಗಿ ಕೂತ ಒದೆತವನ್ನು ಹದಿನೇಳರಲ್ಲಿ ತಿದ್ದುವುದು ಬಲು ಕಷ್ಟ. ಚೆಂಡಿನ ಹೊಲಿಗೆಯ ಲೇಸು ಮುಂದಕ್ಕಿರಲಿ, ಬೆರಳುಗಳು ಎರಡೂ ಪಕ್ಕದಲ್ಲಿ ಅಗಲವಾಗಿ ಹರಡಿರಲಿ, ಒಂದು ತುದಿ ನೆಲ ನೋಡುತ್ತಿರಲಿ. ಬಲಗಾಲಿನಲ್ಲಿ ಒದೆಯುವವನು ಬಲಗೈಯಿಂದಲೇ ಚೆಂಡನ್ನು ಬಲತೊಡೆಯ ನೇರಕ್ಕೆ ಇಳಿಸಿ ಬಿಡಬೇಕು. ಎಡಗೈ ಮೊದಲೇ ಬಿಟ್ಟು ಪಕ್ಕಕ್ಕೆ ಸರಿಯುತ್ತದೆ. ಕಾಲಿನ ಹೆಬ್ಬೆರಳ ತುದಿ ಮುಂದಕ್ಕೆ ಚಾಚಿ, ಕಣಕಾಲು ಗಟ್ಟಿ ಹಿಡಿದು, ಪಾದದ ಮೇಲ್ಭಾಗದಿಂದ ಒದ್ದರೆ ಚೆಂಡು ಹಿಮ್ಮುಖವಾಗಿ ಉರುಳುತ್ತಾ ನೇರ ಹೋಗುತ್ತದೆ.

ಹೆಚ್ಚಿನ ತಪ್ಪು ಕಾಲಿನದಲ್ಲ, ಕೈಯದು. ಎದೆಯ ಎತ್ತರದಿಂದ ಬಿಟ್ಟರೆ ಚೆಂಡು ಗಾಳಿಯಲ್ಲೇ ವಾಲುತ್ತದೆ. ಕೈ ದೇಹದ ಅಡ್ಡಕ್ಕೆ ಬಂದರೆ ಒದೆತ ಓರೆ. ಹಿಂದಕ್ಕೆ ಬಾಗಿ ಒದ್ದರೆ ಚೆಂಡು ಮೇಲಕ್ಕೇರುತ್ತದೆಯೇ ಹೊರತು ದೂರ ಹೋಗುವುದಿಲ್ಲ. ದೊಡ್ಡವರ 5ನೇ ಸೈಜಿನ ಚೆಂಡನ್ನು ಚಿಕ್ಕ ಕೈಗೆ ಕೊಡಬೇಡಿ, ವಯಸ್ಸಿಗೆ ತಕ್ಕ ಚಿಕ್ಕ ಸೈಜು ಕ್ರೀಡಾ ಅಂಗಡಿಗಳಲ್ಲಿ ಸಿಗುತ್ತದೆ. ನಡೆಯುತ್ತಲೇ, 15 ಮೀಟರ್ ದೂರಕ್ಕೆ, ನಿಮ್ಮ ಎದೆಗೆ ಗುರಿಯಿಟ್ಟು ಒದೆಯಲು ಹೇಳಿ. ಪಂದ್ಯದಲ್ಲಿ ಒದ್ದ ಚೆಂಡು ಹಿಡಿದದ್ದು ಮಾರ್ಕ್ ಎನಿಸಿಕೊಳ್ಳಲು ಬೇಕಾದ ದೂರವೂ ಅಷ್ಟೇ. ಬಲಗಾಲಿನಲ್ಲಿ ಇಪ್ಪತ್ತು ಒದ್ದರೆ ಎಡಗಾಲಿನಲ್ಲೂ ಇಪ್ಪತ್ತು ಒದೆಯಲಿ. ಆಟಗಾರರನ್ನು ಆರಿಸಲು ಬಂದವರು ಮೊದಲು ನೋಡುವುದರಲ್ಲಿ ಆ ಎಡಗಾಲೂ ಒಂದು.