ಐದು ವರ್ಷ ಜೊತೆಗಿದ್ದ ಎಲ್ಲರಿಗೂ

ನಮ್ಮ ಗ್ರಾಮ ಪಂಚಾಯಿತಿಯ ಅವಧಿ ಮುಗಿಯಿತು. ಇನ್ನು ನಾನು ಸದಸ್ಯ ಅಲ್ಲ. ಮತ್ತೆ ನಿಲ್ಲುವ ಯೋಚನೆಯೂ ಇಲ್ಲ. ಪಾವಗಡ ತಾಲ್ಲೂಕಿನ ಒಂದು ಮೂಲೆಯ ಊರಿನಿಂದ ನೇವಿಗೆ ಹೋಗಿ, ಇಪ್ಪತ್ತು ವರ್ಷ ಹಡಗಿನ ಇಂಜಿನ್ ರೂಮಿನಲ್ಲಿ ದುಡಿದು ವಾಪಸ್ ಬಂದವನನ್ನು ನೀವು ವೋಟು ಹಾಕಿ ಗೆಲ್ಲಿಸಿದಿರಿ. ಕೊನೆಯ ಗ್ರಾಮ ಸಭೆಯಲ್ಲಿ ಎರಡು ಮಾತು ಹೇಳಬೇಕು ಅಂತ ಎದ್ದು ನಿಂತೆ. ಗಂಟಲು ಕಟ್ಟಿತು, ಕೈ ಮುಗಿದು ಕೂತೆ. ಹೇಳಬೇಕು ಅಂದುಕೊಂಡಿದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ನಾನು ಋಣಿಯಾಗಿರುವವರಲ್ಲಿ ಒಬ್ಬರು ನಮ್ಮೂರಿನವರಲ್ಲ, ನಮ್ಮ ದೇಶದವರೂ ಅಲ್ಲ. ಜಿಮ್ಮಿ ಕಾರ್ಟರ್. ನೂರು ವರ್ಷ ತುಂಬಿದ ಮೇಲೆ, 2024ರ ಡಿಸೆಂಬರ್ 29ರಂದು ತೀರಿಕೊಂಡರು. ಅಮೆರಿಕದ ಅಧ್ಯಕ್ಷರಾಗಿದ್ದವರು ಅಂತ ಎಲ್ಲರಿಗೂ ಗೊತ್ತು. ಅದಕ್ಕೂ ಮುಂಚೆ ನೌಕಾಪಡೆಯ ಅಧಿಕಾರಿಯಾಗಿ ಸಬ್‌ಮರೀನ್‌ಗಳಲ್ಲಿ ಇದ್ದರು, ಆಮೇಲೆ ಊರಿಗೆ ಬಂದು ಕಡ್ಲೆಕಾಯಿ ಬೆಳೆದರು ಅನ್ನುವುದು ನಮ್ಮ ಕಡೆ ಜಾಸ್ತಿ ಜನಕ್ಕೆ ಗೊತ್ತಿಲ್ಲ. ನೇವಿ ಮತ್ತು ಕಡ್ಲೆಕಾಯಿ, ಎರಡೂ ಒಬ್ಬರದೇ ಬಾಳಿನಲ್ಲಿ ಇದೆ ಅಂದರೆ ಪಾವಗಡದವನ ಕಿವಿ ನೆಟ್ಟಗಾಗದೆ ಇರುತ್ತದಾ?

ಅವರ ವಿಷಯ ನನಗೆ ತಿಳಿದಿದ್ದು 2006ರಲ್ಲಿ. ಆಗ ನಾನು ಲೋನಾವಳಾದ ಐಎನ್‌ಎಸ್ ಶಿವಾಜಿಯಲ್ಲಿ ಒಂದು ಕೋರ್ಸ್ ಮಾಡುತ್ತಿದ್ದೆ. ನೇವಿಯ ಇಂಜಿನಿಯರಿಂಗ್ ತರಬೇತಿ ನಡೆಯುವುದು ಅಲ್ಲೇ. ಪಕ್ಕದ ಮಳವಲಿಯಲ್ಲಿ ಬಡವರಿಗೆ ನೂರು ಮನೆ ಕಟ್ಟುವ ಕೆಲಸ ನಡೆದಿತ್ತು. ಎಂಬತ್ತೆರಡು ವರ್ಷದ ಮಾಜಿ ಅಧ್ಯಕ್ಷರು ಹೆಂಡತಿ ಜೊತೆ ಬಂದು ಅಲ್ಲಿ ಕೆಲಸಕ್ಕೆ ನಿಂತಿದ್ದಾರೆ ಅನ್ನುವ ಸುದ್ದಿ ಬಂತು. ನಾನು ಅವರನ್ನು ಕಣ್ಣಾರೆ ನೋಡಲಿಲ್ಲ. ಆದರೆ ಕ್ಲಾಸಿನಲ್ಲಿ ನಮ್ಮ ಮೇಷ್ಟ್ರು ಪಾಠ ನಿಲ್ಲಿಸಿ, "ಅವರು ನಮ್ಮ ಪೈಕಿಯವರು ಕಣ್ರಪ್ಪಾ, ಇಂಜಿನ್ ಕಡೆಯವರು" ಅಂತ ಹೇಳಿ ಒಂದು ಕಥೆ ಹೇಳಿದರು. ಅದು ಇವತ್ತಿಗೂ ತಲೆಯಲ್ಲಿದೆ.

1952ರ ಡಿಸೆಂಬರ್. ಕೆನಡಾದ ಚಾಕ್ ರಿವರ್‌ನಲ್ಲಿ ಒಂದು ಅಣು ರಿಯಾಕ್ಟರ್ ಕೆಟ್ಟಿತು. ಒಳಗಿನ ಇಂಧನ ಕರಗಿತು, ಕಟ್ಟಡದ ತಳದಲ್ಲಿ ವಿಕಿರಣ ತುಂಬಿದ ನೀರು ನಿಂತಿತು. ಕಾರ್ಟರ್‌ಗೆ ಆಗ ಇಪ್ಪತ್ತೆಂಟು. ಅಮೆರಿಕದ ನೇವಿಯಲ್ಲಿ ಅಣು ಸಬ್‌ಮರೀನ್ ಕಟ್ಟುತ್ತಿದ್ದ ರಿಕೋವರ್ ಕೈಕೆಳಗೆ ಕೆಲಸ. ತಮ್ಮ ತಂಡ ಕಟ್ಟಿಕೊಂಡು ಅಲ್ಲಿಗೆ ಹೋದರು. ಒಳಗೆ ಒಬ್ಬೊಬ್ಬರು ಇರಬಹುದಾಗಿದ್ದು 90 ಸೆಕೆಂಡ್ ಅಷ್ಟೇ. ಅಷ್ಟರಲ್ಲಿ ಎಷ್ಟು ಬೋಲ್ಟ್ ಬಿಚ್ಚಬಹುದು? ಅದಕ್ಕೆ ಪಕ್ಕದ ಟೆನಿಸ್ ಮೈದಾನದಲ್ಲಿ ರಿಯಾಕ್ಟರಿನದೇ ಒಂದು ಮಾದರಿ ಮಾಡಿ ನಿಲ್ಲಿಸಿದರು. ಅಲ್ಲಿ ಕೈ ಪಳಗಿಸಿಕೊಂಡು ಒಳಗೆ ಹೋಗುವುದು, ಗೊತ್ತಿರುವ ಬೋಲ್ಟನ್ನು ಬಿಚ್ಚುವುದು, ಓಡಿ ಬರುವುದು. ಒಳಗೆ ಒಂದು ಬೋಲ್ಟ್ ಬಿಚ್ಚಿದರೆ ಹೊರಗಿನ ಮಾದರಿಯಲ್ಲೂ ಅದೇ ಬೋಲ್ಟ್ ಬಿಚ್ಚಿಡುವುದು. ಮುಂದೆ ಹೋಗುವವನಿಗೆ ಒಳಗಿನ ಪರಿಸ್ಥಿತಿ ಕರಾರುವಾಕ್ಕಾಗಿ ಗೊತ್ತಿರಬೇಕಲ್ಲ.

ನಮ್ಮ ನೀರುಗಂಟಿ ಅಣ್ಣನಿಗೆ ಮೊದಲ ಥ್ಯಾಂಕ್ಸ್ ಇಲ್ಲೇ ಹೇಳಬೇಕು. ಓವರ್‌ಹೆಡ್ ಟ್ಯಾಂಕಿನ ಲೈನ್ ಬದಲಾಯಿಸುವಾಗ ಊರಿಗೆ ಇಡೀ ದಿನ ನೀರು ನಿಲ್ಲಿಸುವ ಹಾಗಿರಲಿಲ್ಲ. ಬೇಸಿಗೆ ಬೇರೆ. ಶಾಲೆ ಮೈದಾನದಲ್ಲಿ ಪೈಪು, ವಾಲ್ವು, ಎಲ್ಬೋ ಎಲ್ಲ ನೆಲದ ಮೇಲೆ ಜೋಡಿಸಿ, ಸುಣ್ಣದಲ್ಲಿ ಗುರುತು ಹಾಕಿ, ಮೊದಲು ಯಾವುದು ಬಿಚ್ಚಬೇಕು, ಆಮೇಲೆ ಯಾವುದು ಅಂತ ಮಾಡಿ ನೋಡೋಣ ಅಂದೆ. ಬೇರೆ ಯಾರೇ ಆಗಿದ್ದರೂ ನಕ್ಕು ಎದ್ದು ಹೋಗುತ್ತಿದ್ದರು. ಅಣ್ಣ ಪಂಚೆ ಎತ್ತಿ ಕಟ್ಟಿ ಬಿಸಿಲಲ್ಲಿ ಕೂತರು. ಮಾರನೇ ದಿನ ಬೆಳಿಗ್ಗೆ ನಿಂತ ನೀರು ಮಧ್ಯಾಹ್ನದ ಊಟದ ಹೊತ್ತಿಗೆ ಬಂತು.

ಎರಡನೇ ಋಣ ನನ್ನ ಹೆಂಡತಿಯದು. ಅಪ್ಪ ತೀರಿಕೊಂಡಾಗ ಹೊಲ ನೋಡುವವರು ಇರಲಿಲ್ಲ. ವೈಜಾಗ್‌ನ ಕ್ವಾರ್ಟರ್ಸ್, ಮಕ್ಕಳ ಶಾಲೆ, ನೇವಿ ಆಸ್ಪತ್ರೆ, ಸಂಜೆ ಸಮುದ್ರದ ಗಾಳಿ, ಎಲ್ಲ ಬಿಟ್ಟು ಬರಬೇಕಾಯಿತು. ಅವಳಿಗೆ ಇಷ್ಟ ಇರಲಿಲ್ಲ. ಕಾರ್ಟರ್ ಮನೆಯಲ್ಲೂ ಇದೇ ಆಯಿತು. 1953ರಲ್ಲಿ ಅವರಪ್ಪ ಕ್ಯಾನ್ಸರ್‌ನಿಂದ ಹೋದರು. ನೇವಿ ಬಿಟ್ಟು ಜಾರ್ಜಿಯಾದ ಪ್ಲೇನ್ಸ್ ಅನ್ನುವ ಪುಟ್ಟ ಊರಿಗೆ ಹೊರಟರು. ಹೆಂಡತಿ ರೋಸಲಿನ್‌ಗೆ ಎಷ್ಟು ಕೋಪ ಬಂದಿತ್ತು ಅಂದರೆ ದಾರಿಯಲ್ಲಿ ಗಂಡನ ಜೊತೆ ನೆಟ್ಟಗೆ ಮಾತೂ ಆಡಲಿಲ್ಲ. ಮರುವರ್ಷ ಬರ ಬಿತ್ತು, ಬೆಳೆ ಕೈಗೆ ಹತ್ತಲಿಲ್ಲ. ಸರ್ಕಾರ ಬಡವರಿಗೆ ಕಟ್ಟಿಸಿದ್ದ ಮನೆಯಲ್ಲಿ ಬಾಡಿಗೆಗೆ ಇದ್ದರು. ಆಮೇಲೆ ಕಡ್ಲೆಕಾಯಿ ಗೋದಾಮಿನ ಲೆಕ್ಕಪತ್ರ ಪೂರ್ತಿ ನೋಡಿಕೊಂಡಿದ್ದು ಅದೇ ರೋಸಲಿನ್. ನಮ್ಮ ಮನೆಯಲ್ಲಿ ಬೀಜದ ಲೆಕ್ಕ, ಆಳಿನ ಲೆಕ್ಕ, ಬ್ಯಾಂಕಿನ ಕಂತು ನೋಡಿಕೊಂಡವಳೂ ನನ್ನ ಹೆಂಡತಿಯೇ. ನಾನು ಪಂಚಾಯಿತಿ ಅಂತ ಓಡಾಡುವಾಗ ಟಿಎಂವಿ-2 ಕಡ್ಲೆಕಾಯಿ ಬಿತ್ತಿಸಿ, ಕಳೆ ತೆಗೆಸಿ, ಕಾಯಿ ಬಿಡಿಸಿದ್ದೂ ಅವಳೇ. ಊರಿನವರು ನನಗೆ ಹೇಳುವ ಒಳ್ಳೆ ಮಾತಿನಲ್ಲಿ ಅರ್ಧಕ್ಕಿಂತ ಜಾಸ್ತಿ ಅವಳಿಗೆ ಸಲ್ಲಬೇಕು.

ನನ್ನ ಎದುರು ನಿಂತು ಸೋತ ಅಣ್ಣನಿಗೂ ಕೈ ಮುಗಿಯುತ್ತೇನೆ. ಎಣಿಕೆ ಮುಗಿದ ಸಂಜೆಯೇ ಮನೆಗೆ ಬಂದು, ನಮ್ಮ ಬೀದಿ ಚರಂಡಿ ಮರೀಬೇಡ ಅಂತ ಹೇಳಿ, ಕಾಫಿ ಕುಡಿದು ಹೋದರು. ಎಲ್ಲರಿಗೂ ಇಂಥ ಎದುರಾಳಿ ಸಿಗುವುದಿಲ್ಲ. ಕಾರ್ಟರ್ 1962ರಲ್ಲಿ ಮೊದಲ ಸಲ ರಾಜ್ಯ ಸೆನೆಟ್‌ಗೆ ನಿಂತಾಗ ಒಂದು ಕೌಂಟಿಯಲ್ಲಿ, ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ, ಸತ್ತವರ ಹೆಸರಲ್ಲೂ ವೋಟು ಬಿದ್ದಿತ್ತು. ಕೋರ್ಟಿಗೆ ಹೋಗಿ ಗೆಲ್ಲಬೇಕಾಯಿತು. 1966ರಲ್ಲಿ ಗವರ್ನರ್ ಆಗಲು ಹೋಗಿ ಸೋತರು, 1970ರಲ್ಲಿ ಗೆದ್ದರು, 1977ರಲ್ಲಿ ಅಧ್ಯಕ್ಷರಾದರು.

ಅವರು ಮಾಡಿದ್ದೆಲ್ಲ ಸರಿ ಅಂತ ನಾನು ಹೇಳುವುದಿಲ್ಲ. ನಮ್ಮ ತಾರಾಪುರ ಅಣು ಸ್ಥಾವರದ ಯುರೇನಿಯಂ ಕೊಡುವ ವಿಷಯದಲ್ಲಿ ಅವರು ಹಿಡಿದ ಬಿಗಿ ಪಟ್ಟು ಭಾರತೀಯನಾಗಿ ನನಗೆ ಹಿಡಿಸುವುದಿಲ್ಲ. ಇರಾನ್‌ನಲ್ಲಿ 52 ಜನ ಅಮೆರಿಕನ್ನರು 444 ದಿನ ಒತ್ತೆಯಲ್ಲಿದ್ದರು. ಅಷ್ಟರಲ್ಲಿ ಅಧಿಕಾರವೂ ಹೋಯಿತು. ಆದರೆ ಅಮೆರಿಕದ ಅಧ್ಯಕ್ಷರ ವಿಶ್ರಾಂತಿಧಾಮ ಕ್ಯಾಂಪ್ ಡೇವಿಡ್‌ನಲ್ಲಿ ಅವರು ಮಾಡಿದ ಕೆಲಸವನ್ನು ಪಂಚಾಯಿತಿ ಸದಸ್ಯನಾದ ಮೇಲೆ ಎಷ್ಟು ಸಲ ಓದಿದೆನೋ ಲೆಕ್ಕ ಇಲ್ಲ.

1978ರ ಸೆಪ್ಟೆಂಬರ್ 5ರಿಂದ 17ರವರೆಗೆ ಹದಿಮೂರು ದಿನ. ಈಜಿಪ್ಟಿನ ಅಧ್ಯಕ್ಷ ಸಾದತ್, ಇಸ್ರೇಲಿನ ಪ್ರಧಾನಿ ಬೆಗಿನ್. ಆ ಎರಡು ದೇಶಗಳ ನಡುವೆ ಐದೇ ವರ್ಷದ ಹಿಂದೆ ಯುದ್ಧ ನಡೆದಿತ್ತು. ಮೊದಲ ದಿನಗಳಲ್ಲೇ ಇಬ್ಬರನ್ನೂ ಎದುರುಬದುರು ಕೂರಿಸಿದರೆ ಮಾತು ಮುರಿಯುತ್ತದೆ ಅಂತ ಕಾರ್ಟರ್‌ಗೆ ಗೊತ್ತಾಯಿತು. ಆಮೇಲೆ ಅವರನ್ನು ಬೇರೆ ಬೇರೆ ಇಟ್ಟು, ಒಂದೇ ಒಂದು ಒಪ್ಪಂದದ ಕರಡು ಬರೆದು, ಇವರ ಹತ್ತಿರ ಒಮ್ಮೆ, ಅವರ ಹತ್ತಿರ ಒಮ್ಮೆ ತೆಗೆದುಕೊಂಡು ಹೋದರು. ಎರಡು ಕಡೆಗೆ ಎರಡು ಕಾಗದ ಅಲ್ಲ, ಒಂದೇ ಕಾಗದ. ಬೇಡವಾದ ಸಾಲು ಹೊಡೆಯುವುದು, ಹೊಸದು ಸೇರಿಸುವುದು. ಇಪ್ಪತ್ತಮೂರು ಕರಡು ಆಯಿತು. ಕೊನೇ ದಿನ ಬೆಗಿನ್ ಎದ್ದು ಹೊರಡುವ ಹಂತದಲ್ಲಿದ್ದರು. ಅವರ ಮೊಮ್ಮಕ್ಕಳಿಗೆ ಕೊಡಲು ಕೇಳಿದ್ದ ಫೋಟೋಗಳ ಮೇಲೆ ಒಬ್ಬೊಬ್ಬ ಮಗುವಿನ ಹೆಸರನ್ನೂ ಬರೆದು ಸಹಿ ಹಾಕಿ, ಕಾರ್ಟರ್ ತಾವೇ ತೆಗೆದುಕೊಂಡು ಹೋದರು. ಬೆಗಿನ್ ಆ ಹೆಸರುಗಳನ್ನು ಒಂದೊಂದಾಗಿ ಓದಿದರು, ಮನಸ್ಸು ಕರಗಿತು. ಮರುವರ್ಷ ಮಾರ್ಚ್ 26ಕ್ಕೆ ಶಾಂತಿ ಒಪ್ಪಂದಕ್ಕೆ ಸಹಿ ಬಿತ್ತು. ಇಸ್ರೇಲ್ ಯುದ್ಧದಲ್ಲಿ ಹಿಡಿದಿದ್ದ ಸಿನಾಯ್ ಆಮೇಲೆ ಈಜಿಪ್ಟಿಗೆ ವಾಪಸ್ ಬಂತು.

ನಮ್ಮಲ್ಲಿ ಜಗಳ ಇದ್ದಿದ್ದು ಊರಿಗೂ ಹಟ್ಟಿಗೂ. ಒಂದೇ ಬೋರ್‌ವೆಲ್ಲು, ಒಂದೇ ಶುದ್ಧ ನೀರಿನ ಘಟಕ. ನಮ್ಮ ತಾಲ್ಲೂಕಿನ ನೀರು ಎಂಥದ್ದು ಅಂತ ನಿಮಗೆ ಹೇಳಬೇಕಿಲ್ಲ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದರೆ ಫ್ಲೋರೈಡ್ ವಿಷ ಅಂತಾರೆ. ನಮ್ಮ ಕಡೆ ಎಷ್ಟೋ ಬೋರ್‌ವೆಲ್ಲಿನಲ್ಲಿ ಅದು ದಾಟಿದೆ. ಮಕ್ಕಳ ಹಲ್ಲು ಕಂದು, ಹಿರಿಯರ ಮಂಡಿ ಬಗ್ಗಲ್ಲ. ಘಟಕದ ಕ್ಯೂನಲ್ಲಿ ಬಿಂದಿಗೆ ತಳ್ಳಾಟ ಶುರುವಾಗಿ, ಮಾತು ಎಲ್ಲೆಲ್ಲಿಗೋ ಹೋಗಿ, ಎರಡು ಕಡೆಯವರೂ ಒಬ್ಬರ ಮುಖ ಒಬ್ಬರು ನೋಡದ ಹಾಗಾಗಿತ್ತು.

ನಾನು ಮಾಡಿದ್ದು ಇಷ್ಟೇ. ಒಂದು ಉದ್ದ ನೋಟ್‌ಬುಕ್ ಹಾಳೆಯಲ್ಲಿ ಎಂಟು ಸಾಲು ಬರೆದೆ. ಯಾವ ಹೊತ್ತಿಗೆ ಯಾರಿಗೆ, ತ್ರೀ ಫೇಸ್ ಕರೆಂಟ್ ರಾತ್ರಿ ಬಂದರೆ ಹೇಗೆ, ಮೋಟಾರ್ ಸುಟ್ಟರೆ ದುಡ್ಡು ಯಾರು ಹಾಕಬೇಕು. ಬರೆದಿದ್ದು ಕನ್ನಡದಲ್ಲಿ, ಓದಿ ಹೇಳಿದ್ದು ತೆಲುಗಿನಲ್ಲಿ. ಗಡಿ ಊರು ನೋಡಿ, ಮನೆ ಮಾತು ತೆಲುಗು. ಆ ಒಂದೇ ಹಾಳೆ ಹಿಡಿದು ಅರಳಿಕಟ್ಟೆಗೂ ಹಟ್ಟಿಗೂ ಓಡಾಡಿದೆ. ಹೊಡೆದು, ಬರೆದು, ಮತ್ತೆ ಹೊಡೆದು ಹಾಳೆ ತೂತು ಬಿದ್ದಿತ್ತು. ಏಳು ಸಾಲಿಗೆ ಎಲ್ಲರೂ ಒಪ್ಪಿದರು. ಎಂಟನೆಯದು ನಿಂತಿತು. ವಾಲ್ವಿನ ಕೀ ಯಾರ ಕೈಲಿ ಇರಬೇಕು?

ಅದನ್ನು ಬಿಡಿಸಿದ್ದು ಹಟ್ಟಿಯ ಒಬ್ಬ ಅಜ್ಜಿ. ಎರಡು ಕೈ ನೆಲಕ್ಕೆ ಊರಿ ಕಷ್ಟಪಟ್ಟು ಎದ್ದು, ಸೀರೆ ಸ್ವಲ್ಪ ಮೇಲೆತ್ತಿ ಸೊಟ್ಟಗಾದ ಕಾಲು ತೋರಿಸಿದರು. "ನಂದಂತೂ ಹಿಂಗಾಯ್ತು. ಮಕ್ಕಳಿಗೂ ಇದೇ ಬರಬೇಕೇನ್ರೋ? ಕೀನ ಅಂಗನವಾಡಿ ಟೀಚರಮ್ಮನ ಕೈಗೆ ಕೊಡಿ. ಊರಿನ ಮಕ್ಕಳೂ ಅಲ್ಲೇ, ನಮ್ಮ ಮಕ್ಕಳೂ ಅಲ್ಲೇ." ಯಾರೂ ಎದುರಾಡಲಿಲ್ಲ. ಅಜ್ಜಿ, ನಿಮಗೆ ಈ ಬರಹ ಯಾರಾದರೂ ಓದಿ ಹೇಳುತ್ತಾರೆ ಅಂದುಕೊಂಡಿದ್ದೇನೆ. ಆವತ್ತು ನೀವು ಎದ್ದು ನಿಲ್ಲದಿದ್ದರೆ ಆ ಹಾಳೆ ನನ್ನ ಜೇಬಿನಲ್ಲೇ ಉಳಿಯುತ್ತಿತ್ತು. ಟೀಚರಮ್ಮ, ಸಂಬಳಕ್ಕೆ ಸೇರದ ಒಂದು ಕೆಲಸವನ್ನು ಇಷ್ಟು ವರ್ಷ ಒಂದು ದಿನವೂ ಗೊಣಗದೆ ಮಾಡಿದ್ದೀರಿ. ನಿಮಗೆ ಹೇಗೆ ಥ್ಯಾಂಕ್ಸ್ ಹೇಳಲಿ?

ಪಂಚಾಯಿತಿ ಬಿಟ್ಟ ಮೇಲೆ ಏನು ಮಾಡ್ತೀಯಾ ಅಂತ ಬಹಳ ಜನ ಕೇಳುತ್ತಿದ್ದೀರಿ. 1980ರ ಚುನಾವಣೆಯಲ್ಲಿ ಸೋತಾಗ ಕಾರ್ಟರ್‌ಗೆ ಐವತ್ತಾರು. ಪ್ಲೇನ್ಸ್‌ನ ತಮ್ಮ ಹಳೇ ಮನೆಗೆ ವಾಪಸ್ ಹೋದರು. 1982ರಲ್ಲಿ ಹೆಂಡತಿ ಜೊತೆ ಸೇರಿ ಕಾರ್ಟರ್ ಸೆಂಟರ್ ಶುರು ಮಾಡಿದರು. ನನ್ನ ಪ್ರಕಾರ ಅವರ ದೊಡ್ಡ ಕೆಲಸ ಶುರುವಾಗಿದ್ದೇ ಅಲ್ಲಿಂದ. 1994ರಲ್ಲಿ ಉತ್ತರ ಕೊರಿಯಾಕ್ಕೆ ಹೋಗಿ ಕಿಮ್ ಇಲ್ ಸುಂಗ್ ಎದುರು ಕೂತು ಮಾತಾಡಿ ಬಂದರು. 2002ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ನಮ್ಮ ಹಿರಿಯರು ನಾರುಹುಣ್ಣು ಅಂತ ಹೇಳುತ್ತಿದ್ದರಲ್ಲ, ಕೊಳಕು ನೀರು ಕುಡಿದರೆ ಕಾಲಿನಿಂದ ದಾರದ ಹಾಗೆ ಹುಳ ಬರುವ ಕಾಯಿಲೆ, ಅದರ ಬೆನ್ನು ಹತ್ತಿದರು. 1986ರಲ್ಲಿ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 35 ಲಕ್ಷ ಜನಕ್ಕೆ ಅದು ಬರುತ್ತಿತ್ತು. 2023ರಲ್ಲಿ 14 ಜನಕ್ಕೆ. ಮದ್ದಿಲ್ಲ, ಲಸಿಕೆ ಇಲ್ಲ. ಊರೂರಿಗೆ ಹೋಗಿ ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಿರಿ ಅಂತ ಹೇಳಿ ಹೇಳಿಯೇ ಇಷ್ಟಾಗಿದ್ದು. ನಮ್ಮ ದೇಶ ತನ್ನದೇ ಕಾರ್ಯಕ್ರಮ ನಡೆಸಿ ಅದನ್ನು ಓಡಿಸಿತು, 2000ದಲ್ಲಿ ಪ್ರಮಾಣಪತ್ರವೂ ಸಿಕ್ಕಿತು.

ನಮ್ಮ ನೇವಿಯಲ್ಲೂ ಇಂಥ ದಾರಿ ಹಿಡಿದವರಿದ್ದಾರೆ. 1958ರಲ್ಲಿ ನೌಕಾಪಡೆಯ ಮೊದಲ ಭಾರತೀಯ ಮುಖ್ಯಸ್ಥರಾದ ಅಡ್ಮಿರಲ್ ಕಟಾರಿ ನಿವೃತ್ತಿ ಆದ ಮೇಲೆ ಬರ್ಮಾದಲ್ಲಿ ನಮ್ಮ ರಾಯಭಾರಿಯಾದರು. ಮುಂದೆ ಅದೇ ಹುದ್ದೆಯಲ್ಲಿದ್ದ ಅಡ್ಮಿರಲ್ ಡಾಸನ್ ನ್ಯೂಜಿಲೆಂಡಿನಲ್ಲಿ ಹೈಕಮಿಷನರ್ ಆಗಿದ್ದು, ಆಮೇಲೆ ನಮ್ಮ ಬೆಂಗಳೂರಿನಲ್ಲೇ ನೆಲೆಸಿದ್ದರು. ಅವರ ಬಗ್ಗೆ ನಮ್ಮ ಶಾಲೆಗಳಲ್ಲಿ ಯಾರಾದರೂ ಮಕ್ಕಳಿಗೆ ಹೇಳಬೇಕು.

ಇನ್ನೊಂದು ವಿಷಯ ಹೇಳಿಬಿಡುತ್ತೇನೆ, ತಿರುಮಣಿ ಕಡೆಯವರಿಗೆ ಖುಷಿ ಆಗಬಹುದು. 1979ರಲ್ಲಿ ಕಾರ್ಟರ್ ಶ್ವೇತಭವನದ ಚಾವಣಿ ಮೇಲೆ ನೀರು ಕಾಯಿಸಲು 32 ಸೋಲಾರ್ ಫಲಕ ಹಾಕಿಸಿದರು. ಆಮೇಲೆ ಬಂದವರ ಕಾಲದಲ್ಲಿ ಅದನ್ನು ತೆಗೆದರು. 2017ರಲ್ಲಿ, ತೊಂಬತ್ತು ದಾಟಿದ ಮೇಲೆ, ಪ್ಲೇನ್ಸ್‌ನ ತಮ್ಮ ಹತ್ತು ಎಕರೆ ಹೊಲವನ್ನು ಸೋಲಾರ್‌ಗೆ ಗುತ್ತಿಗೆ ಕೊಟ್ಟರು. ಆ ಊರಿಗೆ ಬೇಕಾದ ಕರೆಂಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲಿಂದಲೇ ಸಿಗುವ ಹಾಗಾಯಿತು. ನಮ್ಮ ತಿರುಮಣಿ ಕಡೆಯ ಸೋಲಾರ್ ಪಾರ್ಕ್ 13,000 ಎಕರೆ, 2,050 ಮೆಗಾವ್ಯಾಟ್. ಕಡ್ಲೆಕಾಯಿ ಹೊಲದಲ್ಲಿ ಫಲಕ ನಿಂತಿದ್ದನ್ನು ನೋಡಿ ಸಂಕಟಪಟ್ಟ ಹಿರಿಯರೂ ನಮ್ಮಲ್ಲಿ ಇದ್ದಾರೆ, ಗುತ್ತಿಗೆ ದುಡ್ಡಲ್ಲಿ ಮಕ್ಕಳನ್ನು ಓದಿಸಿದವರೂ ಇದ್ದಾರೆ. ಇಬ್ಬರ ಮಾತೂ ನನಗೆ ಅರ್ಥ ಆಗುತ್ತದೆ.

ಜೊತೆಗಿದ್ದ ಸದಸ್ಯರಿಗೆ, ಅದರಲ್ಲೂ ಮೊದಲ ಸಲ ಗೆದ್ದು ಬಂದು ಮೊದಲ ಮೀಟಿಂಗಿನಲ್ಲೇ ಲೆಕ್ಕ ಕೇಳಿದ ಅಕ್ಕಂದಿರಿಗೆ, ಪಿಡಿಒ ಸಾಹೇಬರಿಗೆ, ಬಿಲ್ ಕಲೆಕ್ಟರ್‌ಗೆ, ಸ್ತ್ರೀಶಕ್ತಿ ಸಂಘದವರಿಗೆ, ಹೋಬಳಿಯ ಮಾಜಿ ಸೈನಿಕ ಗೆಳೆಯರಿಗೆ, ಮಗ ಊರಲ್ಲಿದ್ದಾನೆ ಅನ್ನುವುದಕ್ಕೇ ಆರೋಗ್ಯವಾಗಿರುವ ನಮ್ಮಮ್ಮನಿಗೆ ನನ್ನ ನಮಸ್ಕಾರ.

ಆ ಎಂಟು ಸಾಲಿನ ಒಪ್ಪಂದದ ಜೆರಾಕ್ಸ್ ಪಂಚಾಯಿತಿ ಆಫೀಸಿನ ನೀರಿನ ರಿಜಿಸ್ಟರ್‌ನಲ್ಲಿ ಅಂಟಿಸಿದ್ದೇನೆ. ಎರಡೂ ಕಡೆಯವರ ಸಹಿ, ಹೆಬ್ಬೆಟ್ಟು ಅದರಲ್ಲಿವೆ. ಮುಂದೆ ಬರುವ ಸದಸ್ಯರು ಅದನ್ನು ಓದಿ, ಬದಲಾಯಿಸಬೇಕಿದ್ದರೆ ಇಬ್ಬರನ್ನೂ ಕೇಳಿ ಬದಲಾಯಿಸಿ. ಲೈನ್ ಎಲ್ಲೆಲ್ಲಿ ಹೋಗಿದೆ ಅನ್ನುವ ನಕ್ಷೆ ನೀರುಗಂಟಿ ಅಣ್ಣನ ಹತ್ತಿರ ಇದೆ. ಮೋಟಾರ್ ಶಬ್ದ ಬದಲಾದರೆ ಹೊತ್ತು ನೋಡಬೇಡಿ, ಫೋನ್ ಮಾಡಿ. ಬಿತ್ತನೆ ಸಮಯ ಆದರೆ ಹೊಲದಲ್ಲಿರುತ್ತೇನೆ, ಅಲ್ಲಿಗೇ ಬನ್ನಿ.