ಒಂದು ದನಿಯೋ, ಎರಡು ದನಿಯೋ

ಪ್ರೀತಿಯ ಪುಟ್ಟಾ,

ನಿನ್ನೆ ಫೋನಿನಲ್ಲಿ ನಿನ್ನ ದನಿ ಸಪ್ಪಗಿತ್ತು. ನೀನು ಬರೆದ ನಾಲ್ಕು ದನಿಯ ಹಾಡಿನಲ್ಲಿ ಆರು ಕಡೆ ‘ಪ್ಯಾರಲಲ್ ಫಿಫ್ತ್’, ಅಂದರೆ ಎರಡು ದನಿ ಸ-ಪ ಅಂತರದಲ್ಲೇ ಒಟ್ಟಿಗೆ ಸಾಗುತ್ತಿವೆ, ಅಂತ ಕೆಂಪು ಗೆರೆ ಬಿತ್ತು ಅಂದೆ. “ಗಿಟಾರಲ್ಲಿ ದಿನಾ ಅದನ್ನೇ ನುಡಿಸ್ತೀನಲ್ಲ ಮಾವ, ಅದೂ ತಪ್ಪಾ?” ಅಂತ ಕೇಳಿದೆ. ಗಿಟಾರ್ ಕೈಯಲ್ಲಿಲ್ಲದೆ ಹೇಳಿದರೆ ತಿಳಿಯುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಗಿಟಾರ್ ತಗೋ. ಆರನೇ ತಂತಿಯ 3ನೇ ಫ್ರೆಟ್ ಮೇಲೆ ತೋರುಬೆರಳು, ಐದನೇ ತಂತಿಯ 5ನೇ ಫ್ರೆಟ್ ಮೇಲೆ ಉಂಗುರದ ಬೆರಳು. ಜಿ ಮತ್ತು ಡಿ. ತಂಬೂರಿಯಲ್ಲಿ ಕೇಳುತ್ತೀಯಲ್ಲ, ಅದೇ ಸ-ಪ ಜೋಡಿ. ಗಿಟಾರಿನವರು ಪವರ್ ಕಾರ್ಡ್ ಅನ್ನುವುದು ಇದಕ್ಕೇ. ಗಾಂಧಾರವಿಲ್ಲ, ಹಾಗಾಗಿ ಮೇಜರ್ ಅಲ್ಲ, ಮೈನರ್ ಅಲ್ಲ. ಈಗ ಬೆರಳು ಹಾಗೇ ಇಟ್ಟುಕೊಂಡು ಎರಡು ಫ್ರೆಟ್ ಮುಂದೆ ಜಾರಿಸು. ಎರಡು ದನಿ ಕೇಳಿಸಿತಾ? ಇಲ್ಲ. ಒಂದೇ ದಪ್ಪ ದನಿ ಮೇಲೇರಿತು, ಅಲ್ವಾ?

ರಾಕ್ ಗಿಟಾರಿಗೆ ಬೇಕಾದ್ದೇ ಅದು. ಸ-ಪ ಕಂಪನಗಳ ಲೆಕ್ಕ 2ಕ್ಕೆ 3. ದನಿಯನ್ನು ಕರಕರ ಮಾಡುವ ಡಿಸ್ಟಾರ್ಷನ್ ಹಾಕಿದಾಗ ಅವೆರಡರ ವ್ಯತ್ಯಾಸವೂ ಒಂದು ಸ್ವರವಾಗಿ ಹುಟ್ಟುತ್ತದೆ. ಅದು ಕೆಳಗಿನ ಸ್ಥಾಯಿಯ ಸ. ಕಾರ್ಡಿಗೆ ಅಡಿಪಾಯ ತಾನಾಗೇ ಬಂತು. ಗಾಂಧಾರ ಸೇರಿಸಿ ನೋಡು, ಎಲ್ಲ ರಾಡಿಯಾಗುತ್ತದೆ. ಗಿಟಾರಿನ ಟ್ಯೂನಿಂಗ್‌ನಲ್ಲಿ ಆ ಗಾಂಧಾರ ಶುದ್ಧ ಅಳತೆಗಿಂತ ಕೊಂಚ ಮೇಲಿರುತ್ತದೆ, ಹುಟ್ಟುವ ಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. 1964ರಲ್ಲಿ ಇಂಗ್ಲೆಂಡಿನ ಕಿಂಕ್ಸ್ ರಾಕ್ ತಂಡದ ಡೇವ್ ಡೇವಿಸ್ ಸ್ಪೀಕರ್‌ನ ಕೋನನ್ನೇ ಬ್ಲೇಡಿನಿಂದ ಸೀಳಿ ಆ ಕರಕರ ದನಿ ತೆಗೆದರು. ಅದರಲ್ಲಿ ನುಡಿಸಿದ್ದು ಇವೇ ಪವರ್ ಕಾರ್ಡ್‌ಗಳನ್ನು.

ನಾಲ್ಕು ದನಿಯ ಹಾಡಿನ ಕೆಲಸ ಬೇರೆ. ಅಲ್ಲಿ ನಾಲ್ಕು ಜನಕ್ಕೆ ನಾಲ್ಕು ದಾರಿ ಬೇಕು. 9ನೇ ಶತಮಾನದಲ್ಲಿ ಯೂರೋಪಿನ ಮಠಗಳಲ್ಲಿ ಪ್ಯಾರಲಲ್ ಫಿಫ್ತ್‌ನಲ್ಲೇ ಹಾಡುತ್ತಿದ್ದರು. ಒಂದೇ ರಾಗವನ್ನು ದಪ್ಪ ಮಾಡಲು ಅದು ಸರಿಯಾಗಿತ್ತು. ದನಿಗಳು ಬಿಡಿಬಿಡಿಯಾಗಿ ನಡೆಯತೊಡಗಿದ ಮೇಲೆ ಅದು ಬೇಡವಾಯಿತು. ಆಸ್ಟ್ರಿಯಾದ ಸಂಗೀತಗಾರ ಫುಕ್ಸ್ 1725ರಲ್ಲಿ ತಮ್ಮ ಪಾಠದ ಪುಸ್ತಕ ಬರೆಯುವ ಹೊತ್ತಿಗೆ ಅದು ಗಟ್ಟಿ ನಿಯಮ.

ನಾನೂ ನಿನ್ನ ವಯಸ್ಸಿನಲ್ಲಿ ಸಿಟ್ಟಾಗಿ ಥಿಯರಿ ಬಿಟ್ಟೆ, ಕಣೋ. ಆಮೇಲೆ ಕಾಯರ್‌ನಲ್ಲಿ (ಹಾಡುವ ತಂಡದಲ್ಲಿ) ಬಾಸ್, ಅಂದರೆ ಎಲ್ಲಕ್ಕಿಂತ ಕೆಳಗಿನ ದನಿ, ಹಾಡುವಾಗ ಒಂದು ಕಡೆ ನಮ್ಮ ಸಾಲೂ ಅದರ ಮೇಲಿನ ಟೆನರ್ ಸಾಲೂ ಸ-ಪ ಹಿಡಿದು ಒಟ್ಟಿಗೇ ಏರಿದವು. ಪಕ್ಕದಲ್ಲೇ ನಿಂತಿದ್ದ ಟೆನರ್ ದನಿ ನನಗೆ ಕೇಳದೇ ಹೋಯಿತು. ಹತ್ತು ವರ್ಷ ಸುಮ್ನೆ ಕಳೆದೆನಲ್ಲ ಅಂತ ಅವತ್ತು ತುಂಬಾ ಬೇಜಾರಾಯಿತು. ನೀನು ಬಿಡಬೇಡ.

ಆ ಆರು ಜಾಗದಲ್ಲೂ ಬಾಸ್ ಏರುವಾಗ ಜೊತೆಗಿನ ದನಿಯನ್ನು ಇಳಿಸಿ ಬರಿ, ಇಲ್ಲವೇ ಇದ್ದಲ್ಲೇ ನಿಲ್ಲಿಸು. ಭಾನುವಾರ ಬಾ, ನಾನು ಬಾಸ್ ಹಾಡ್ತೀನಿ, ನೀನು ಟೆನರ್ ಹಾಡು.

ನಿನ್ನ ಮಾವ