ವೀಗನ್ ಊಟದಲ್ಲಿ ಬಿ12 ಮರೆಯದಿರಲಿ

ಮಾನ್ಯ ಸಂಪಾದಕರೇ,

ಮಾಂಸ, ಮೊಟ್ಟೆಯ ಜೊತೆಗೆ ಹಾಲು, ಮೊಸರು, ತುಪ್ಪವನ್ನೂ ಬಿಡುವ ವೀಗನ್ ಆಹಾರಕ್ರಮವನ್ನು ಕೆಲವರು ಪಟ್ಟಣಿಗರ ಶೋಕಿ ಎಂದು ತಳ್ಳಿಹಾಕಿದರೆ, ಮತ್ತೆ ಕೆಲವರು ಸಕಲ ರೋಗಕ್ಕೂ ಮದ್ದೆಂಬಂತೆ ಪ್ರಚಾರ ಮಾಡುತ್ತಾರೆ. ಹಾಲು ಬಿಡುವುದಕ್ಕೆ ಗಟ್ಟಿಯಾದ ನೈತಿಕ ಕಾರಣವಿದೆ ಎಂದು ಒಪ್ಪುವವನಾಗಿಯೂ, ಪೌಷ್ಟಿಕತೆಯ ವಿಷಯದಲ್ಲಿ ನಡೆಯುತ್ತಿರುವ ಉದಾಸೀನದ ಬಗ್ಗೆ ಬರೆಯಬೇಕೆನಿಸಿದೆ.

ಹಸು ಹಾಲು ಕೊಡಬೇಕಾದರೆ ಕರು ಹಾಕಲೇಬೇಕು. ಹುಟ್ಟುವ ಕರುಗಳಲ್ಲಿ ಹೆಚ್ಚುಕಡಿಮೆ ಅರ್ಧ ಗಂಡು. ಉಳುಮೆಗೆ ಟ್ರ್ಯಾಕ್ಟರ್ ಬಂದ ಮೇಲೆ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ಎಂಬ ವಿದೇಶಿ ಹಾಲಿನ ತಳಿ) ಮಿಶ್ರತಳಿಯ ಗಂಡುಗರುವಿಗೆ ಕೊಟ್ಟಿಗೆಯಲ್ಲಿ ಕೆಲಸವಿಲ್ಲ. ಗಿಣ್ಣುಹಾಲು ಮುಗಿಯುತ್ತಿದ್ದಂತೆ ತಾಯಿಯಿಂದ ದೂರ ಕಟ್ಟಿದ ಆ ಕರುವಿಗೆ ಎಷ್ಟೋ ಕಡೆ ಸಿಗುವುದು, ಕರೆದಾದ ಮೇಲೆ ಕೆಚ್ಚಲಿನಲ್ಲಿ ಉಳಿದಷ್ಟು ಮಾತ್ರ. ರಾಜ್ಯದ 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ ಬಂದ ನಂತರ ಅದನ್ನು ಮಾರುವುದೂ ಕಷ್ಟ, ಈಗಿನ ಮೇವಿನ ಬೆಲೆಯಲ್ಲಿ ಸಾಕುವುದೂ ಕಷ್ಟ. ಎರಡು ಹಸು ಕಟ್ಟಿಕೊಂಡು ಬೆಳಗ್ಗೆ ಸಂಜೆ ಡೇರಿಗೆ ಹಾಲು ಹಾಕುವ ಹೆಣ್ಣುಮಗಳನ್ನು ಇದಕ್ಕೆ ಹೊಣೆ ಮಾಡುವುದು ಅನ್ಯಾಯ (ಉತ್ಸಾಹಿ ವೀಗನ್ ಪ್ರಚಾರಕರು ಇದನ್ನು ಆಗಾಗ ಮರೆಯುತ್ತಾರೆ). ಆದರೆ ಆ ಹಾಲಿನ ಕಾಫಿ ಕುಡಿಯುವ ಸಸ್ಯಾಹಾರಿಗಳು ತಮಗೂ ಇದಕ್ಕೂ ಸಂಬಂಧವೇ ಇಲ್ಲವೆನ್ನಲು ಬಾರದು.

ಇನ್ನು ಪೌಷ್ಟಿಕತೆ. ಮುದ್ದೆ, ಹುರುಳಿಕಾಳಿನ ಬಸ್ಸಾರು, ಹುಚ್ಚೆಳ್ಳು ಚಟ್ನಿ ಉಂಡವರಿಗೆ ಪ್ರೋಟೀನಿನ ಚಿಂತೆ ಅಷ್ಟಾಗಿ ಬೇಡ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮೀರಿದ ಕ್ಯಾಲ್ಸಿಯಂ ಇದೆ, ಅದೆಲ್ಲವೂ ಮೈಗೆ ಹತ್ತದಿದ್ದರೂ. ನಿಜವಾದ ತೊಡಕು ಬಿ12 ವಿಟಮಿನ್ನಿನದು. ಅದನ್ನು ತಯಾರಿಸುವುದು ಸೂಕ್ಷ್ಮಾಣುಗಳು, ನಮ್ಮ ಊಟಕ್ಕೆ ಅದು ಬರುವುದು ಹಾಲು, ಮೊಟ್ಟೆ, ಮಾಂಸದ ಮೂಲಕ. ಸೊಪ್ಪು, ಕಾಳುಗಳಲ್ಲಿ ಅದು ಸಿಗದು, ಸ್ಪಿರುಲಿನಾ ಎಂಬ ಪಾಚಿಯ ಪುಡಿಯನ್ನು ನಂಬುವಂತಿಲ್ಲ. ವಯಸ್ಕರಿಗೆ ದಿನಕ್ಕೆ 2.2 ಮೈಕ್ರೋಗ್ರಾಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳುತ್ತದೆ. ಸಾರವರ್ಧಿತ ಅಕ್ಕಿಗೆ, ಅಂದರೆ ಪೋಷಕಾಂಶ ಬೆರೆಸಿದ ಅಕ್ಕಿಗೆ, ನಿಗದಿಯಾಗಿರುವ ಬಿ12 ಪ್ರಮಾಣ ಕಿಲೋಗೆ 0.75ರಿಂದ 1.25 ಮೈಕ್ರೋಗ್ರಾಂ, ದಿನಕ್ಕೆ 300 ಗ್ರಾಂ ಅಕ್ಕಿಯ ಅನ್ನ ಉಂಡರೂ ಅಗತ್ಯದ ಐದನೇ ಒಂದು ಪಾಲು ದಕ್ಕದು. ಯಕೃತ್ತಿನ ದಾಸ್ತಾನು ಕೆಲವು ವರ್ಷ ಬರುವುದರಿಂದ ಕೊರತೆ ತಡವಾಗಿ ತಲೆದೋರುತ್ತದೆ; ಅದಕ್ಕಿಂತ ಅಪಾಯವೆಂದರೆ, ಸೊಪ್ಪು ಕಾಳುಗಳಲ್ಲಿ ಹೇರಳವಾಗಿರುವ ಫೋಲೇಟ್ ಎಂಬ ಮತ್ತೊಂದು ಬಿ ವಿಟಮಿನ್ ಈ ಕೊರತೆಯ ರಕ್ತಹೀನತೆಯನ್ನು ಮರೆಮಾಡಬಲ್ಲದು, ಅಷ್ಟರಲ್ಲಿ ಪಾದಗಳಲ್ಲಿ ಜೋಮು ಹಿಡಿದು ನರಗಳಿಗೆ ಪೆಟ್ಟು ಬಿದ್ದಿರುತ್ತದೆ. ತಾಯಿಗೆ ಕೊರತೆಯಿದ್ದರೆ ಎದೆಹಾಲು ಕುಡಿಯುವ ಕೂಸಿನ ಬೆಳವಣಿಗೆಯೇ ಕುಂಠಿತವಾಗಬಹುದು.

ಆದ್ದರಿಂದ ವೀಗನ್ ಆಗುವವರು ವೈದ್ಯರ ಸಲಹೆ ಪಡೆದು ಬಿ12 ಮಾತ್ರೆಯನ್ನು ತಪ್ಪದೆ ತೆಗೆದುಕೊಳ್ಳಬೇಕು. ಪ್ರಚಾರ ಮಾಡುವವರು ಕರುವಿನ ಕಥೆಯಷ್ಟೇ ಗಟ್ಟಿದನಿಯಲ್ಲಿ ಮಾತ್ರೆಯ ವಿಷಯವನ್ನೂ ಹೇಳಬೇಕು. ತಾಲ್ಲೂಕು ಆಸ್ಪತ್ರೆಗಳಲ್ಲಿ, ಮುಖ್ಯವಾಗಿ ಗರ್ಭಿಣಿಯರಿಗೆ, ಬಿ12 ಪರೀಕ್ಷೆ ಉಚಿತವಾಗಿ ಸಿಗುವಂತಾಗಬೇಕು. ವೀಗನ್ ಲಾಂಛನ ಹೊತ್ತು ಬರುವ ಸೋಯಾ, ಬಾದಾಮಿ ಪೇಯಗಳ ಪೊಟ್ಟಣದ ಮೇಲೆ ಬಿ12 ಎಷ್ಟು ಬೆರೆಸಿದೆ ಅಥವಾ ಬೆರೆಸಿಯೇ ಇಲ್ಲ ಎಂಬುದನ್ನು ಕನ್ನಡದಲ್ಲಿ, ಕಣ್ಣಿಗೆ ಕಾಣುವ ಅಕ್ಷರದಲ್ಲಿ ಮುದ್ರಿಸುವುದನ್ನು ಆಹಾರ ಸುರಕ್ಷತಾ ಪ್ರಾಧಿಕಾರ ಕಡ್ಡಾಯಗೊಳಿಸಲಿ.

ಇತಿ,
ಒಬ್ಬ ಓದುಗ, ಮಂಡ್ಯ